ರೆಕ್ಕೆ ಮಡಿಸಿದ ಚಿಟ್ಟೆ

"ಬೇಕಾದರೆ ತಗೊಂಡು ಹೋಗಿ. ಆದರೆ ಇದರ ರೆಕ್ಕೆ ಮಾತ್ರ ಬಿಡಿಸಬೇಡಿ," ಎಂದಳು ಫ್ರೇಮ್ ಅಂಗಡಿಯಾಕೆ. ಗಾಜಿನ ಪೆಟ್ಟಿಗೆಯನ್ನು ಅವಳು ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ಬೆರಳ ತುದಿಯಿಂದ ಇತ್ತ ತಳ್ಳಿದಳು.

ಕೊಳ್ಳಲು ಬಂದಿದ್ದ ಅಕ್ಕನಿಗೆ ನಗು ಬಂತು. "ಯಾಕೆ, ಹಾರಿಹೋಗುತ್ತಾ?"

"ಹಾರಿಹೋಗಿದ್ದರೆ ಚೆನ್ನಾಗಿತ್ತು."

ಅಂಗಡಿಯ ನೆಲಮಾಳಿಗೆಯಲ್ಲಿ ಹಗಲಲ್ಲೂ ಬಲ್ಬು ಬೇಕು. ಮರದ ಹೊಟ್ಟು, ಅಂಟು, ನುಸಿಗುಳಿಗೆ ಎಲ್ಲದರ ವಾಸನೆ ಬೆರೆತು ಮೂಗಿನೊಳಗೆ ಒಂದು ಪದರವಾಗಿ ಕೂರುತ್ತಿತ್ತು. ಅಕ್ಕ ಇಲ್ಲಿಗೆ ಬರತೊಡಗಿ ಹೆಚ್ಚು ಕಾಲವಾಗಿರಲಿಲ್ಲ. ಮೊದಲ ಸಲ ಬಂದಿದ್ದು ಒಡೆದ ಕನ್ನಡಿಗೆ ಗಾಜು ಹಾಕಿಸಲು. ಆಗ ಗೋಡೆಯ ಮೇಲೆ ಚೌಕಟ್ಟಿನೊಳಗೆ ನೀಲಿ ರೆಕ್ಕೆ ಹರಡಿಕೊಂಡ ಚಿಟ್ಟೆಯೊಂದನ್ನು ಕಂಡು ಅಲ್ಲೇ ನಿಂತುಬಿಟ್ಟಿದ್ದಳು. ಆಮೇಲೆ ಒಂದೊಂದಾಗಿ ಕೊಂಡಳು. ಚಿಟ್ಟೆಗಳು, ಪತಂಗಗಳು, ಹಸಿರು ಬೆನ್ನಿನ ಒಂದು ಜೀರುಂಡೆ. ಪುಸ್ತಕ ನೋಡಿ ತಾನೇ ಕೆಲಸ ಕಲಿತಳು. ಒಣಗಿ ಮಡಿಸಿಕೊಂಡ ಚಿಟ್ಟೆಯನ್ನು ಒದ್ದೆ ಮರಳಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅದರ ಮೈ ಮೆತ್ತಗಾಗುತ್ತದೆ. ಆಗ ರೆಕ್ಕೆಗಳನ್ನು ಹಲಗೆಯ ಮೇಲೆ ಹರಡಿ, ಕಾಗದದ ಪಟ್ಟಿ ಕಟ್ಟಿ ಒಣಗಿಸಬೇಕು. ದಂತ ಲ್ಯಾಬಿನಲ್ಲಿ ಮೇಣದಲ್ಲಿ ಕೃತಕ ಹಲ್ಲಿನ ಸಾಲು ಕೂರಿಸುವ ಅವಳ ಬೆರಳಿಗೆ ಅದೇನೂ ಕಷ್ಟವಾಗಲಿಲ್ಲ.

ಈ ಪೆಟ್ಟಿಗೆಯ ಚಿಟ್ಟೆ ಬೇರೆ ಥರ ಇತ್ತು. ಬೆನ್ನಿಗೆ ಸೂಜಿ ಚುಚ್ಚಿತ್ತು, ರೆಕ್ಕೆಗಳು ಮಾತ್ರ ಕೈ ಮುಗಿದ ಹಾಗೆ ಮೇಲೆ ಕೂಡಿಕೊಂಡಿದ್ದವು. ಎದುರಿನಿಂದ ನೋಡಿದರೆ ಬರೀ ಒಂದು ಕಪ್ಪು ಗೆರೆ. ಪಕ್ಕದಿಂದ ನೋಡಿದರೆ ಒಣಗಿದ ಎಲೆಯ ಬಣ್ಣ. ಸೂಜಿಯ ಬುಡದಲ್ಲಿ ಬೆಳ್ಳನೆಯ ಕೂದಲೊಂದು ಸುತ್ತಿಕೊಂಡಿತ್ತು.

"ನಮ್ಮತ್ತೆ ಮಾಡಿಸಿದ್ದು," ಎಂದಳು ಅಂಗಡಿಯಾಕೆ, ಯಾರೋ ಕೇಳಿಸಿಕೊಳ್ಳುತ್ತಾರೇನೋ ಎಂಬಂತೆ ದನಿ ತಗ್ಗಿಸಿ. "ಮಾವ ಇನ್ನೊಂದು ಮನೆ ಮಾಡಕ್ಕೆ ಹೊರಟಿದ್ದರು. ಅತ್ತೆ ಮಾಟಗಾರನ ಹತ್ತಿರ ಹೋಗಿ ಕಟ್ಟು ಹಾಕಿಸಿದರು. ರೆಕ್ಕೆ ಮುಚ್ಚಿದ್ದರೆ ಅದು ನಿದ್ದೆ ಮಾಡ್ತಿರುತ್ತೆ. ಬಿಡಿಸಿದರೆ, ಬಿಡಿಸಿದೋರಿಗೆ ಯಾರನ್ನ ಬಿಟ್ಟಿರಕ್ಕೆ ಆಗಲ್ವೋ ಅವರನ್ನ ಹಿಡಿದು ಹಾಕುತ್ತೆ."

"ಹಾಗಾದರೆ ನನಗೇನೂ ಭಯ ಇಲ್ಲ ಬಿಡಿ. ಬಿಟ್ಟಿರಕ್ಕೆ ಆಗದೇ ಇರೋ ಅಂಥೋರು ನನಗೆ ಯಾರೂ ಇಲ್ಲ."

ಮಾತು ಬಹಳ ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬರುವ ಮಾತನ್ನು ಒಳಗೊಳಗೇ ಎಷ್ಟೋ ಸಲ ಹೇಳಿ ರೂಢಿ ಮಾಡಿಕೊಂಡಿರುತ್ತೇವೆ. ಅಂಗಡಿಯಾಕೆ ಅವಳ ಮುಖವನ್ನೇ ನೋಡಿದಳು.

ಮನೆಯಲ್ಲಿ ತಂಗಿ ಬಟ್ಟೆಬರೆಯ ಪೆಟ್ಟಿಗೆ ಕಟ್ಟುತ್ತಿದ್ದಳು.

ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ನಡುವಯಸ್ಸು ದಾಟಿದವರು. ಅಮ್ಮ ಹೋದಾಗ ತಂಗಿ ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಅಂದಿನಿಂದ ಅವಳ ಜಡೆ, ಜ್ವರ, ಶಾಲೆ, ಜಗಳ ಎಲ್ಲವೂ ಅಕ್ಕನ ಪಾಲಿಗೆ ಬಂದವು. ಈಗ ಅವಳು ಮಕ್ಕಳಿಗೆ ಈಜು ಕಲಿಸುತ್ತಾಳೆ. ಕೊಳದ ಮಕ್ಕಳು ಅವಳನ್ನು ಕಪ್ಪೆ ಮಿಸ್ ಎನ್ನುತ್ತಾರೆ. ಮನೆಯಲ್ಲೂ ಅವಳ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ತೋಳು ಬೀಸಿ ಮಕ್ಕಳು ಹೇಗೆ ನೀರು ಕುಡಿದರೆಂದು ತೋರಿಸುತ್ತಾಳೆ. ಕೊಳದ ಕ್ಲೋರಿನ್ ವಾಸನೆ ಅವಳ ಕೂದಲಿಗೆ ಅಂಟಿಕೊಂಡುಬಿಟ್ಟಿದೆ. ಅವಳು ಮನೆಗೆ ಬಂದಳೆಂದು ಅಕ್ಕನಿಗೆ ಮೊದಲು ತಿಳಿಸುವುದು ಆ ವಾಸನೆಯೇ.

ಈ ವಯಸ್ಸಿನಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಲಿಫ್ಟ್ ಮೆಕ್ಯಾನಿಕ್. ಹುಡುಗ ಎಂದರೆ ಕಿವಿಯ ಮೇಲೆಲ್ಲ ನರೆತ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. ಕೆಟ್ಟ ಲಿಫ್ಟಿನಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡಾಗ ಆದ ಪರಿಚಯ. ಬರುವ ಸೋಮವಾರ ನೋಂದಣಿ ಕಚೇರಿಯಲ್ಲಿ ಸಹಿ, ಅಷ್ಟೇ ಮದುವೆ.

"ಇನ್ನೂ ಒಂದು ಹುಳಾನಾ? ನಾನು ಹೋದಮೇಲೆ ನನ್ನ ಕೋಣೆಯಲ್ಲೂ ಇವನ್ನೇ ತುಂಬ್ತೀಯಾ ಅಂತ ಕಾಣುತ್ತೆ," ಎಂದಳು ತಂಗಿ.

"ಇವು ಬಾಯಿ ಮಾಡಲ್ಲ ಕಣೆ. ಒದ್ದೆ ಟವಲ್ಲು ಹಾಸಿಗೆ ಮೇಲೆ ಹಾಕಲ್ಲ."

"ಅಕ್ಕ, ನಿನಗೆ ಬೇಜಾರಾ?"

"ಬೇಜಾರು ಯಾಕೆ? ಆ ಮನುಷ್ಯನ್ನ ನೆನೆಸಿಕೊಂಡರೆ ಪಾಪ ಅನ್ಸುತ್ತೆ, ಅಷ್ಟೇ. ಇಷ್ಟು ದಿನ ಮೇಲೆ ಕೆಳಗೆ ಓಡಾಡ್ತಿದ್ದ, ಇನ್ನು ಸುತ್ತಲೂ ಓಡಬೇಕು."

ತಂಗಿ ಗೊಳ್ಳನೆ ನಕ್ಕಳು. ಅಕ್ಕನೂ ನಕ್ಕಳು. ಹೋಗಬೇಡ ಎಂಬ ಮಾತು ಒಂದು ತಿಂಗಳಿಂದ ಅವಳ ನಾಲಿಗೆಯ ಕೆಳಗೆ ಮಾತ್ರೆಯ ಹಾಗೆ ಕರಗದೆ ಕೂತಿತ್ತು. ಅದನ್ನು ಉಗುಳುವುದು ಹೇಗೆಂದು ಗೊತ್ತಿರಲಿಲ್ಲ, ನುಂಗುವುದಕ್ಕೂ ಆಗುತ್ತಿರಲಿಲ್ಲ.

ಆ ಚಿಟ್ಟೆಯನ್ನು ಅವಳು ಮೊದಲು ಗೋಡೆಯ ಮೇಲೆ ಉಳಿದವುಗಳ ನಡುವೆ ಹಾಗೇ ತೂಗುಹಾಕಿದಳು. ಕೆಲಸದಿಂದ ಬಂದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಸಾಲಿನಲ್ಲಿ ಎಲ್ಲವೂ ರೆಕ್ಕೆ ಹರಡಿಕೊಂಡಿದ್ದವು, ನಡುವೆ ಇದೊಂದು ಗೆರೆ. ಸಾಲು ತಪ್ಪಿದ ಹಲ್ಲನ್ನು ಲ್ಯಾಬಿನಲ್ಲಿ ಹೇಗೆ ಬಿಟ್ಟು ಏಳಲಾರಳೋ ಇದನ್ನೂ ಹಾಗೇ ಬಿಟ್ಟಿರಲು ಅವಳಿಂದ ಆಗಲಿಲ್ಲ. ಸಾಲು ಸರಿಯಾಗಲಿ ಎಂದಷ್ಟೇ ಬಿಡಿಸುತ್ತಿದ್ದೇನೆ ಎಂದು ಅಂದುಕೊಂಡಳು. ಪೆಟ್ಟಿಗೆಯ ಹಿಂಬದಿ ಬಿಚ್ಚಿ, ಸೂಜಿಯ ಸಮೇತ ಚಿಟ್ಟೆಯನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಭಾನುವಾರ ಮಧ್ಯಾಹ್ನ ಡಬ್ಬಿ ತೆಗೆದಾಗ ಬೂಷ್ಟಿನ ವಾಸನೆ ಬರಬಹುದೆಂದುಕೊಂಡಿದ್ದಳು. ಬಂದದ್ದು ಮನುಷ್ಯರ ಉಸಿರಿನ ವಾಸನೆ. ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಮಲಗಿದವರ ಉಸಿರು. ಅಕ್ಕ ಕಿಟಕಿ ತೆರೆದಳು.

ಪಕ್ಕದ ಕೋಣೆಯಲ್ಲಿ ತಂಗಿ ಯಾವುದೋ ಹಾಡು ಗುನುಗುತ್ತಾ ಬಟ್ಟೆ ಮಡಿಸುತ್ತಿದ್ದಳು. ಅಕ್ಕ ಚಿಟ್ಟೆಯನ್ನು ಹಲಗೆಯ ಮೇಲೆ ಕೂರಿಸಿ, ಚಪ್ಪಟೆ ಚಿಮಟದ ತುದಿಯನ್ನು ರೆಕ್ಕೆಗಳ ನಡುವೆ ತೂರಿಸಿದಳು. ಅವು ಬಿಗಿಯಾಗಿ ಅಂಟಿಕೊಂಡಿದ್ದವು. ಒಂಚೂರು ಒತ್ತಿದಳು. ಟಕ್ ಎಂದು ಸಣ್ಣ ಸದ್ದು. ಎಡಗಡೆಯ ರೆಕ್ಕೆ ಕೆಳಗಿಳಿಯಿತು.

ಗುನುಗು ನಿಂತಿತು.

ರೆಕ್ಕೆಯ ಒಳಬದಿಯ ಬಣ್ಣ ಕಂಡು ಅವಳಿಗೆ ಬೇರೆಲ್ಲ ಮರೆತುಹೋಯಿತು. ತಿಳಿನೀರಿನ ತಳದಲ್ಲಿ ಹಸಿರು ಹೆಂಚು ಹಾಸಿದಂಥ ಬಣ್ಣ. ಬಲಗಡೆಯದನ್ನೂ ಬಿಡಿಸಿದಳು. ಕಾಗದದ ಪಟ್ಟಿ ಎಳೆದು ಅಂಚಿಗೆ ಗುಂಡುಸೂಜಿ ಚುಚ್ಚಿದಳು. ಆಮೇಲೆ ಕತ್ತೆತ್ತಿ, "ಪುಟ್ಟಿ, ಬಾ ಇಲ್ಲಿ, ಒಂದು ತಮಾಷೆ ನೋಡು," ಎಂದು ಕರೆದಳು.

ತಂಗಿ ಬರಲಿಲ್ಲ.

ಅವಳು ತನ್ನ ಕೋಣೆಯ ಕುರ್ಚಿಯಲ್ಲಿ ಕೂತಿದ್ದಳು. ಎರಡೂ ತೋಳುಗಳು ಪಕ್ಕಕ್ಕೆ ಚಾಚಿಕೊಂಡಿದ್ದವು. ಮಡಿಸುತ್ತಿದ್ದ ಸೀರೆ ನೆಲಕ್ಕೆ ಬಿದ್ದಿತ್ತು.

"ಕೈ ಹಿಡ್ಕೊಂಡಿದೆ ಅಕ್ಕ," ಎಂದಳು. "ಇಳಿಸಕ್ಕೆ ಆಗ್ತಿಲ್ಲ. ನಗಬೇಡ."

ಅಕ್ಕ ನಗಲಿಲ್ಲ.

ಡಾಕ್ಟರು ಬಂದು ಮಣಿಕಟ್ಟು ಹಿಡಿದು ನೋಡಿದರು. ಸ್ನಾಯು ಹಿಡಿದುಕೊಂಡಿದೆ, ಈಜುವವರಿಗೆ ಹೀಗಾಗುತ್ತದೆ, ವಿಶ್ರಾಂತಿ ಬೇಕು ಎಂದರು. ಮದುವೆ ಮುಂದಕ್ಕೆ ಹೋಯಿತು. ಲಿಫ್ಟ್ ಮೆಕ್ಯಾನಿಕ್ ಪ್ರತಿ ಸಂಜೆ ಕೆಲಸ ಮುಗಿಸಿ ಗ್ರೀಸಿನ ಕೈಯಲ್ಲೇ ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂರುತ್ತಿದ್ದ.

"ಎಲ್ಲೋ ಒಂದು ತಂತಿ ಲೂಸಾಗಿದೆ ಅಷ್ಟೇ," ಎಂದು ತಂಗಿಗೆ ಹೇಳುತ್ತಿದ್ದ. "ನಾನು ನೋಡದೇ ಇರೋ ಕೇಸಾ? ಕೊನೇ ಮಹಡೀಲಿ ನಿಂತ ಲಿಫ್ಟನ್ನೂ ಇಳಿಸಿದೀನಿ."

ಮೊದಲ ದಿನಗಳಲ್ಲಿ ತಂಗಿ ಇದಕ್ಕೆ ನಗುತ್ತಿದ್ದಳು.

ಅಕ್ಕ ಲ್ಯಾಬಿಗೆ ರಜೆ ಹಾಕಿದಳು. ತಂಗಿಗೆ ತುತ್ತು ಮಾಡಿ ಉಣಿಸಿದಳು, ತಲೆ ಬಾಚಿ ಜಡೆ ಹೆಣೆದಳು. ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಅಲಮಾರಿನಲ್ಲಿಟ್ಟಳು. ಸೀರೆಗಳನ್ನು ಜೋಡಿಸುವಾಗ ತನ್ನ ಗಂಟಲಿನಿಂದ ಹಾಡು ಬರುತ್ತಿರುವುದು ಅವಳಿಗೇ ಕೇಳಿಸಿತು. ನಾಚಿಕೆಯಾಯಿತು. ಆದರೂ ಮನೆ ತುಂಬಿತ್ತು. ಸಂಜೆಯಾದರೆ ಯಾರ ಹೆಜ್ಜೆಗೂ ಕಿವಿಗೊಟ್ಟು ಕೂರಬೇಕಾಗಿರಲಿಲ್ಲ. ಅಂಗಡಿಯಾಕೆಯ ಮಾತು ನೆನಪಿಗೆ ಬಂದಾಗಲೆಲ್ಲ ಅದನ್ನು ಬಾಗಿಲ ಹೊರಗೇ ನಿಲ್ಲಿಸಿ ಚಿಲಕ ಹಾಕುತ್ತಿದ್ದಳು.

"ನಾನು ಎಲ್ಲೂ ಹೋಗಲ್ಲ ಅಕ್ಕ," ಎಂದಳು ತಂಗಿ ಒಂದು ಬೆಳಿಗ್ಗೆ.

ಎಷ್ಟೋ ದಿನಗಳಿಂದ ಅಕ್ಕ ಕೇಳಬೇಕೆಂದಿದ್ದ ಮಾತು. ಆದರೆ ಅದನ್ನು ಆಡಿದ ದನಿಯಲ್ಲಿ ಏರಿಳಿತ ಇರಲಿಲ್ಲ. ಆಡುವಾಗ ಅವಳ ರೆಪ್ಪೆ ಒಂದು ಸಲವೂ ಮಿಟುಕಲಿಲ್ಲ.

ಅವತ್ತು ಮೈ ಒರೆಸುವಾಗ ಟವಲ್ಲಿಗೆ ಏನೋ ಅಂಟಿತು. ನಯವಾದ ಪುಡಿ. ಬೆಳಕಿಗೆ ಹಿಡಿದರೆ ಹಸಿರು ಮಿಂಚು. ಒರೆಸಿದ ಜಾಗದಲ್ಲಿ ತಂಗಿಯ ಚರ್ಮ ಮಾಸಲಾಗಿ ತೆಳುವಾಗಿತ್ತು, ಒಳಗಿನ ನರ ಎಲೆಯ ನರದಂತೆ ಎದ್ದು ಕಾಣುತ್ತಿತ್ತು. ಅಕ್ಕ ಗಾಬರಿಯಾಗಿ ಅವಳನ್ನು ಮುಂದಕ್ಕೆ ಬಾಗಿಸಿದಳು. ಬೆನ್ನಿನ ಮೇಲೆ, ಎರಡು ಹೆಗಲ ಮೂಳೆಗಳ ನಡುವೆ, ಕಪ್ಪಗೆ ಒಂದು ಚುಕ್ಕೆ. ಮುಟ್ಟಿದರೆ ತಣ್ಣಗೆ, ಗಟ್ಟಿಯಾಗಿ ಲೋಹದ ಹಾಗೆ ಬೆರಳಿಗೆ ಸಿಕ್ಕಿತು.

ಮೂಗು ಕೂದಲಿಗೆ ತಾಗಿತು. ಕ್ಲೋರಿನ್ ಇರಲಿಲ್ಲ. ನುಸಿಗುಳಿಗೆಯ ವಾಸನೆ.

ಓಡಿಹೋಗಿ ಹಲಗೆ ನೋಡಿದಳು. ಚಿಟ್ಟೆ ಒಣಗಿರಲಿಲ್ಲ. ಮೊನ್ನೆಗಿಂತ ತುಂಬಿಕೊಂಡಿತ್ತು, ಹೊಟ್ಟೆಯ ಉಂಗುರಗಳು ಉಬ್ಬಿದ್ದವು. ಸೂಜಿಯ ಬುಡಕ್ಕೆ ಸುತ್ತಿದ್ದ ಬಿಳಿಯ ಕೂದಲು ಈಗ ಕಪ್ಪಗಿತ್ತು. ಉದ್ದವಾಗಿತ್ತು. ಒದ್ದೆಯಾಗಿತ್ತು. ಬಗ್ಗಿ ಮೂಸಿದಾಗ ಕೊಳದ ನೀರಿನ ವಾಸನೆ ಅವಳ ಮುಖಕ್ಕೆ ಬಡಿಯಿತು.

ಫ್ರೇಮ್ ಅಂಗಡಿಯಾಕೆ ಅವಳನ್ನು ಕಂಡವಳೇ ಕೈಲಿದ್ದ ಗರಗಸ ಕೆಳಗಿಟ್ಟಳು.

"ಬಿಡಿಸಿದಿರಿ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. "ಯಾರು?"

"ನನ್ನ ತಂಗಿ."

"ಯಾರೂ ಇಲ್ಲ ಅಂದಿದ್ದಿರಿ."

ಅಕ್ಕ ತಲೆ ತಗ್ಗಿಸಿದಳು. "ಅವಳು ಏನಾಗ್ತಾಳೆ?"

"ಏನೂ ಆಗಲ್ಲ. ಇರ್ತಾರೆ. ನಮ್ಮ ಮಾವ ಕುರ್ಚಿಯಲ್ಲಿ ಕೂತೇ ಇದ್ದರು. ಊಟ ಬೇಡ, ನಿದ್ದೆ ಬೇಡ. ಅತ್ತೆ ದಿನಾ ಮೆತ್ತನೆ ಬಟ್ಟೇಲಿ ಧೂಳು ಒರೆಸೋರು. ನಾನು ಸೊಸೆಯಾಗಿ ಬಂದಾಗ, ಮೂಲೆಯಲ್ಲಿ ಬೊಂಬೆ ಇಟ್ಟಿದಾರೆ ಅಂದುಕೊಂಡಿದ್ದೆ. ಕಣ್ಣು ಮಾತ್ರ ಬಾಗಿಲ ಕಡೆಗೆ ತಿರುಗುತ್ತಿತ್ತು." ಅವಳು ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ಅತ್ತೆ ಸತ್ತ ದಿನ ಅವರೂ ಹೋದರು. ರೆಕ್ಕೆ ತಾನಾಗೇ ಮುಚ್ಚಿಕೊಂಡಿತ್ತು."

"ಬಿಡಿಸಿಕೊಳ್ಳೋ ದಾರಿ ಇಲ್ವಾ?"

"ಇದೆ. ಸೂಜಿ ಕೀಳಬೇಕು. ರೆಕ್ಕೆ ಬಿಡಿಸಿದ ಕೈಯೇ ಕೀಳಬೇಕು. ಅತ್ತೆಗೂ ಅದು ಗೊತ್ತಿತ್ತು, ಕೀಳಲಿಲ್ಲ."

"ಯಾಕೆ?"

"ಕಿತ್ತರೆ ಅವರು ಎದ್ದು ಹೋಗ್ತಾರೆ. ಆದರೆ ಸೂಜಿ ಒಂದೇ ಬರಲ್ಲ. ನಿಮ್ಮಿಬ್ಬರ ನಡುವೆ ಇದ್ದ ನಂಟನ್ನೂ ಕಿತ್ತುಕೊಂಡು ಬರುತ್ತೆ. ಹುಟ್ಟಿದಾಗಿನಿಂದ ಇವತ್ತಿನ ತನಕದ್ದೆಲ್ಲ. ಅದು ಅತ್ತೆ ಕೈಲಿ ಆಗಲಿಲ್ಲ."

ಮನೆಯ ದಾರಿಯಲ್ಲಿ ಸಂಜೆ ಇಳಿಯುತ್ತಿತ್ತು. ಅಂಗಡಿಗಳ ದೀಪಗಳು ಹತ್ತುತ್ತಿದ್ದವು, ಜನ ಚೀಲ ಹಿಡಿದು ತಂತಮ್ಮ ಬಾಗಿಲುಗಳ ಕಡೆ ಹೋಗುತ್ತಿದ್ದರು. ಅಕ್ಕ ಯಾರಿಗೂ ತಾಗದಂತೆ ಗೋಡೆಯ ಪಕ್ಕದಲ್ಲೇ ನಡೆದಳು. ಕುರ್ಚಿಯಲ್ಲಿ ಕೂತ ತಂಗಿ, ಮೆತ್ತನೆ ಬಟ್ಟೆ ಹಿಡಿದ ತಾನು. ಸಂಜೆಯ ಮೇಲೆ ಸಂಜೆ. ಒಂದು ಗಳಿಗೆ ಆ ಚಿತ್ರ ಅವಳಿಗೆ ಹಿತವಾಗಿಯೇ ಕಂಡಿತು. ಕಂಡದ್ದಕ್ಕೆ ಹೆದರಿ ಅವಳು ಬೇಗ ಬೇಗ ಹೆಜ್ಜೆ ಹಾಕಿದಳು.

ಹೋಗಲಿ, ಅವಳು ನನ್ನನ್ನು ಮರೆಯಲಿ. ಯಾರೋ ಹೆಂಗಸು ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಟುಹೋಗಲಿ. ಇಬ್ಬರ ಪಾಲಿನದನ್ನೂ ನಾನೊಬ್ಬಳೇ ನೆನಪಿಟ್ಟುಕೊಂಡರಾಯಿತು. ಅಮ್ಮನ ಸೀರೆ ಸುತ್ತಿಕೊಂಡು ಅವಳು ಮೆಟ್ಟಿಲಲ್ಲಿ ಬಿದ್ದದ್ದು. ಜ್ವರದಲ್ಲಿ ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದು ಮಲಗಿದ್ದು. ಮೊದಲ ಸಲ ನೀರಿಗೆ ಹಾರಿ, ಮೇಲೆ ಬಂದು, ನಾನು ನೋಡಿದೆನೋ ಇಲ್ಲವೋ ಎಂದು ದಡವನ್ನೆಲ್ಲ ಹುಡುಕಿದ್ದು. ಅಕ್ಕ ದಾರಿಯುದ್ದಕ್ಕೂ ಒಂದೊಂದನ್ನೇ ಎತ್ತಿ ಜೋಪಾನವಾಗಿ ಎದೆಯೊಳಗಿಟ್ಟುಕೊಂಡು ಬಂದಳು.

ಮನೆಯೊಳಗೆ ದೀಪ ಹತ್ತಲಿಲ್ಲ. ಸ್ವಿಚ್ಚು ಒತ್ತಿದಳು. ಮತ್ತೆ ಒತ್ತಿದಳು. ನುಸಿಗುಳಿಗೆಯ ಗಾಢ ವಾಸನೆ ಗಂಟಲಿಗೆ ಹಿಡಿಯಿತು. ಗೋಡೆಯುದ್ದಕ್ಕೂ ಗಾಜುಗಳ ಹಿಂದೆ ಏನೋ ಸರಪರ ಎನ್ನುತ್ತಿತ್ತು. ಒಣ ಕಾಗದವನ್ನು ಬೆರಳಲ್ಲಿ ಉಜ್ಜಿದಂಥ ಸದ್ದು. ಅವಳು ಆ ಕಡೆ ನೋಡಲಿಲ್ಲ.

"ಪುಟ್ಟಿ?"

ತಂಗಿ ಕುರ್ಚಿಯಲ್ಲಿದ್ದಳು. ಕಿಟಕಿಯ ಕೊನೆಯ ಬೆಳಕಿನಲ್ಲಿ ಅವಳ ತೋಳಿನ ಅಂಚು ಪಾರದರ್ಶಕವಾಗಿ ಕಂಡಿತು. ತುಟಿ ಅಲುಗಲಿಲ್ಲ. ಕಣ್ಣು ಮಾತ್ರ ನಿಧಾನವಾಗಿ ತಿರುಗಿತು. ಬಾಗಿಲ ಕಡೆಗೆ.

ಅಕ್ಕ ಹಲಗೆಯನ್ನು ಕಿಟಕಿಗೆ ತಂದಳು. ಚಿಮಟದಲ್ಲಿ ಸೂಜಿಯ ತಲೆ ಹಿಡಿದಳು. ಎಳೆದಳು. ಬರಲಿಲ್ಲ. ಚಿಟ್ಟೆಯ ಮೈ ಬಿಸಿಯಾಗಿತ್ತು. ಒಳಗೆ ಏನೋ ಮಿಡಿಯುತ್ತಿತ್ತು. ಮತ್ತೆ ಎಳೆದಳು. ಹಿಂದಿನಿಂದ ತಂಗಿಯ ಗಂಟಲಲ್ಲಿ ಸಣ್ಣ ನರಳಿಕೆ. ಕೈ ನಿಂತಿತು. ಬೇಡ, ಹೀಗೇ ಇರಲಿ. ಇರಲಿ, ನನ್ನ ಹತ್ತಿರವೇ ಇರಲಿ. ಗಾಜುಗಳ ಹಿಂದಿನ ಸದ್ದು ಜೋರಾಯಿತು. ಇರಲಿ, ಇರಲಿ, ಇರಲಿ ಎಂದ ಹಾಗೆ ಕೇಳಿಸಿತು. ಅಕ್ಕ ಚಿಮಟ ಬಿಸಾಡಿದಳು. ಬರಿಗೈಯಲ್ಲಿ ಹಿಡಿದಳು. ಸೂಜಿ ಬೆರಳನ್ನು ಕೊರೆಯಿತು. ರಕ್ತ ಜಾರಿತು. ಬಿಡಲಿಲ್ಲ. ಹಲಗೆಯನ್ನು ಎದೆಗೆ ಅವುಚಿ ಎಳೆದಳು. ಕೂದಲೆಳೆಯಷ್ಟು ಬಂತು. ಉಗುರಿನಷ್ಟು ಬಂತು. ಬೇರು ಕಿತ್ತ ಹಾಗೆ, ಹಲ್ಲು ಕಿತ್ತ ಹಾಗೆ, ಒಳಗಿನಿಂದ ಏನನ್ನೋ ಎಳೆದುಕೊಂಡು ಬಂತು.

ಬಂದುಬಿಟ್ಟಿತು.

ಗೋಡೆಯ ಸದ್ದು ನಿಂತಿತು. ಅಂಗೈಯಲ್ಲಿ ಒಂದು ಹಿಡಿ ಹಸಿರು ಪುಡಿ ಇತ್ತು. ಕಿಟಕಿಯ ಗಾಳಿಗೆ ಅದು ಹಾರಿಹೋಯಿತು. ಚಾವಣಿಯ ದೀಪ ಪಟಪಟಿಸಿ ಹತ್ತಿಕೊಂಡಿತು.

ಕುರ್ಚಿಯಲ್ಲಿ ಕೂತಿದ್ದ ಹೆಂಗಸು ತೋಳುಗಳನ್ನು ಮೆಲ್ಲಗೆ ಕೆಳಗಿಳಿಸಿದಳು. ಬೆರಳು ಮಡಿಸಿ ಬಿಡಿಸಿ ನೋಡಿಕೊಂಡಳು. ಅಳುತ್ತಾ ನಗುತ್ತಾ ಎದ್ದು ಬಂದು ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಕೈ ಬಂತು ಕಣೆ ಅಕ್ಕ. ನನಗೆ ಎಲ್ಲಾ ಕೇಳಿಸ್ತಿತ್ತು. ಒಳಗಿಂದ ಎಷ್ಟು ಕೂಗಿದೆ ಗೊತ್ತಾ?"

ಅಕ್ಕ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಹೆಂಗಸಿನ ಜಡೆಯನ್ನು ಯಾರೋ ಅಕ್ಕರೆಯಿಂದ ಹೆಣೆದಿದ್ದರು. ಕೂದಲಿನಿಂದ ಕ್ಲೋರಿನ್ನಿನ ಘಾಟು ಬರುತ್ತಿತ್ತು. ಅಕ್ಕ ಮೆಲ್ಲನೆ ಹಿಂದೆ ಸರಿದಳು.

"ತಪ್ಪು ತಿಳಕೋಬೇಡಿ," ಎಂದಳು. "ನೀವು ಯಾರು ಅಂತ ನನಗೆ ಗೊತ್ತಾಗಲಿಲ್ಲ."

"ಸಾಕು ಅಕ್ಕ. ಈಗ ತಮಾಷೆ ಬೇಡ."

"ನಿಮಗೆ ಯಾವ ಮನೆ ಬೇಕಾಗಿತ್ತು?"

ಹೆಂಗಸಿನ ನಗು ಮುಖದಲ್ಲೇ ಉಳಿದು ನಿಧಾನವಾಗಿ ಆರಿತು. ಅಷ್ಟರಲ್ಲಿ ಬಾಗಿಲಲ್ಲಿ ಗ್ರೀಸು ಹತ್ತಿದ ಅಂಗಿಯ ಲಿಫ್ಟ್ ಮೆಕ್ಯಾನಿಕ್ ಬಂದು ನಿಂತ. ಎದ್ದು ನಿಂತ ಹೆಂಗಸನ್ನು ಕಂಡು ಅವನ ಕೈಲಿದ್ದ ಚೀಲ ಜಾರಿತು. ಅಕ್ಕನಿಗೆ ಅವನ ಗುರುತೇನೋ ಇತ್ತು. ದಿನಾ ಬಂದು ಸ್ಟೂಲಿನಲ್ಲಿ ಕೂರುವ ಮನುಷ್ಯ. ಯಾರನ್ನು ನೋಡಲು ಬರುತ್ತಿದ್ದ ಎಂಬುದು ಮಾತ್ರ ಹೊಳೆಯಲಿಲ್ಲ.

ಹೆಂಗಸು ಅಕ್ಕನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ಯಾವುದೋ ಮೆಟ್ಟಿಲು, ಅಮ್ಮನ ಸೀರೆ. ಜ್ವರದಲ್ಲಿ ಹೆಬ್ಬೆರಳು ಹಿಡಿದು ಮಲಗಿದ್ದು. ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದು. ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಅಕ್ಕ ಗಮನವಿಟ್ಟು ಕೇಳಿದಳು. ಬೇರೆಯವರ ಕಷ್ಟ ಕೇಳುವಾಗ ಆಗುವಂತೆ ಅವಳ ಕಣ್ಣು ಒದ್ದೆಯಾಯಿತು.

"ನಿಮ್ಮ ಅಕ್ಕ ಬಹಳ ಒಳ್ಳೆಯವರಿರಬೇಕು," ಎಂದಳು.

ಹೆಂಗಸು ಅಲ್ಲೇ ನೆಲದ ಮೇಲೆ ಕುಸಿದಳು. ಲಿಫ್ಟ್ ಮೆಕ್ಯಾನಿಕ್ ಅವಳನ್ನು ಎಬ್ಬಿಸಿ ಹೆಗಲಿಗೆ ಒರಗಿಸಿಕೊಂಡ. "ನಡಿ. ನಾಳೆ ಬರೋಣ. ನಾಳೆ ಸರಿಹೋಗಿರ್ತಾರೆ," ಎಂದ. ಆ ಮಾತಿನಲ್ಲಿ ಅವನಿಗೇ ನಂಬಿಕೆ ಇರಲಿಲ್ಲ. ಮೆಟ್ಟಿಲ ತಿರುವಿನ ತನಕ ಆ ಹೆಂಗಸು ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದಳು. ಅಕ್ಕ ಸೌಜನ್ಯಕ್ಕೆ ಬಾಗಿಲಲ್ಲೇ ನಿಂತಿದ್ದು, ಹೆಜ್ಜೆ ಸದ್ದು ಅಡಗಿದ ಮೇಲೆ ಚಿಲಕ ಹಾಕಿದಳು.

ಒಳಗೆ ಬಂದು ಕೂತಳು. ಕೂರಲಾಗಲಿಲ್ಲ. ಎದೆಯ ನಡುವೆ, ಯಾವುದೋ ಗಟ್ಟಿ ಪದಾರ್ಥವನ್ನು ಬೇರುಸಹಿತ ಕಿತ್ತ ಜಾಗದಂತೆ, ಒಂದೇ ಸಮನೆ ನೋಯುತ್ತಿತ್ತು. ಯಾರನ್ನೋ ಬಿಟ್ಟಿರಲಾರೆ ಎನಿಸುತ್ತಿತ್ತು. ಅಷ್ಟು ನೋವಾಗಬೇಕಾದರೆ ಆ ಮನುಷ್ಯ ಇದೇ ಮನೆಯಲ್ಲಿ ಎಲ್ಲೋ ಇರಲೇಬೇಕು. ಅವಳು ಎದ್ದಳು. ಒಂದು ಕೋಣೆಯ ಬಾಗಿಲು ತೆಗೆದು ನೋಡಿದಳು. ಮುಚ್ಚಿದಳು. ಇನ್ನೊಂದನ್ನು ತೆಗೆದಳು.